ಶಾಪವೋ, ಮುಚ್ಚಿದ ಬಾಗಿಲೋ?

ಅಮೆರಿಕದ ಬಾಸ್ಟನ್ ನಗರದಲ್ಲಿ ‘ರೆಡ್ ಸಾಕ್ಸ್’ ಎಂಬ ಬೇಸ್‌ಬಾಲ್ ತಂಡವುಂಟು. 1918ರಲ್ಲಿ ‘ವರ್ಲ್ಡ್ ಸೀರೀಸ್’ ಎಂಬ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದ ಆ ತಂಡ, ಅದನ್ನು ಮತ್ತೆ ಗೆದ್ದದ್ದು 2004ರಲ್ಲಿ. ನಡುವೆ 86 ವರ್ಷ! ತಾತ ಕಾದ, ಮಗ ಕಾದ, ಮೊಮ್ಮಗನೂ ಕಾದ.

ಊರವರು ಇದನ್ನು ಶಾಪವೆಂದರು. ಬೇಬ್ ರೂತ್ ಎಂಬ ಅಸಾಧಾರಣ ಆಟಗಾರನನ್ನು 1919ರ ಕೊನೆಯಲ್ಲಿ ಒಡೆಯರು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಿದ್ದರು. ಆ ಪಾಪ ತಟ್ಟಿತಂತೆ. ನಮಗೆ ಈ ಮಾತು ಒಪ್ಪಿಗೆಯಿಲ್ಲ. 1945ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಜನಾಂಗದ ತರುಣ ಬಾಸ್ಟನ್ನಿನ ಮೈದಾನಕ್ಕೇ ಬಂದು ತನ್ನ ಆಟ ತೋರಿಸಿದ. ತಂಡ ಅವನನ್ನು ಸೇರಿಸಿಕೊಳ್ಳಲಿಲ್ಲ. ಬ್ರೂಕ್ಲಿನ್ನಿನ ಡಾಜರ್ಸ್ ತಂಡ ಕರೆದುಕೊಂಡಿತು. 1947ರಿಂದ ಅಲ್ಲಿ ಆಡಿದ. 1955ರಲ್ಲಿ ಆ ತಂಡ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಬಾಸ್ಟನ್ ತಂಡವು ಕಪ್ಪು ಆಟಗಾರನೊಬ್ಬನನ್ನು ಕಣಕ್ಕಿಳಿಸಿದ್ದು 1959ರಲ್ಲಿ, ದೊಡ್ಡ ತಂಡಗಳಲ್ಲೆಲ್ಲ ಕಟ್ಟಕಡೆಗೆ. ಇಷ್ಟಾದ ಮೇಲೆ ಶಾಪವನ್ನು ಬೇರೆ ಹುಡುಕಬೇಕೆ?

ಇನ್ನು 2004ರ ಸಂಗತಿ. ಅಂತಿಮ ಸುತ್ತಿಗೆ ಹೋಗಲು ಯಾಂಕೀಸರೊಡನೆ ಏಳು ಪಂದ್ಯಗಳ ಸರಣಿ. ಮೊದಲ ಮೂರನ್ನೂ ಬಾಸ್ಟನ್ ಸೋತಿತ್ತು. ನಾಲ್ಕನೆಯದರ ಒಂಬತ್ತನೆಯ ಸರದಿಯಲ್ಲೂ ಒಂದು ಓಟ ಹಿಂದೆ. ಆಗ ಬದಲಿ ಓಟಗಾರನಾಗಿ ಬಂದ ಡೇವ್ ರಾಬರ್ಟ್ಸ್, ಚೆಂಡು ಎಸೆಯುತ್ತಿದ್ದಂತೆ ಎರಡನೆಯ ನೆಲೆಗೆ ಓಡಿ ಕೂದಲೆಳೆಯಲ್ಲಿ ಉಳಿದ. ಆಟದ ಭಾಷೆಯಲ್ಲಿ ಇದು ನೆಲೆ ಕದಿಯುವುದು, ತಪ್ಪಿಲ್ಲದ ಕಳವು! ಅವನ ಓಟದಿಂದ ಪಂದ್ಯ ಸಮವಾಯಿತು. ಹನ್ನೆರಡನೆಯ ಸರದಿಯಲ್ಲಿ ಡೊಮಿನಿಕನ್ ಗಣರಾಜ್ಯದ ಡೇವಿಡ್ ಆರ್ಟಿಜ್ ಗೆಲ್ಲಿಸಿದ. ಇಬ್ಬರೂ ಕಪ್ಪು ಮೈಬಣ್ಣದವರು. 1945ರಲ್ಲಿ ಇವರಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ.

ಉಳಿದ ಮೂರು ಪಂದ್ಯಗಳನ್ನೂ ಬಾಸ್ಟನ್ ಗೆದ್ದಿತು. ಅಂತಿಮ ಸರಣಿಯಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ.