ಶಾಲೆಯ ಕೀರ್ತಿ ಯಾರಲ್ಲಿದೆ?



ನಮ್ಮ ಯಾವುದೇ ಹಳೆಯ ಕಥೋಲಿಕ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ತೆಗೆದು ನೋಡಿ. ಮೊದಲು ಧರ್ಮಾಧ್ಯಕ್ಷರ ಸಂದೇಶ, ಬಳಿಕ ಮಂತ್ರಿಗಳ ಸಂದೇಶ, ಆಮೇಲೆ ಜಾಹೀರಾತುಗಳ ನಡುವೆ 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು' ಎಂಬ ಪುಟ ಇದ್ದೇ ಇರುತ್ತದೆ. ನ್ಯಾಯಾಧೀಶರು, ಸೇನಾಧಿಕಾರಿಗಳು, ವೈದ್ಯರು, ಕ್ರಿಕೆಟ್ ಆಟಗಾರರು. ಕೊನೆಯ ಸಾಲಿನಲ್ಲಿ ಒಬ್ಬಿಬ್ಬರು ಗುರುಗಳು. ಆ ಪುಟವನ್ನು ಮನಸ್ಸಿನಲ್ಲಿಟ್ಟುಕೊಂಡೇ "ಫಾದರ್, ನಮ್ಮ ಹುಡುಗನಿಗೂ ಅಲ್ಲಿ ಒಂದು ಸೀಟು ಕೊಡಿಸಿ" ಎಂದು ಬರುವ ತಂದೆತಾಯಿಯರನ್ನು ಪ್ರತಿವರ್ಷ ಕಾಣುತ್ತೇನೆ. ಅವರ ಆಸೆಯನ್ನು ತಪ್ಪೆನ್ನಲಾರೆ. ಆದರೆ ಆ ಪಟ್ಟಿ ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಒಮ್ಮೆ ಯೋಚಿಸಬೇಕು.

ಸೆಮಿನರಿಯ ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದನ್ನು ಕಲಿಸುತ್ತಾರೆ: ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು. ನಮ್ಮ ಹಿರಿಯರು ಇದನ್ನೇ ಕಾಕತಾಳೀಯ ಎಂದರು. ಹುಡುಗ ನಮ್ಮ ಶಾಲೆಯಲ್ಲಿ ಓದಿದ, ಮುಂದೆ ದೊಡ್ಡವನಾದ; ಆದ್ದರಿಂದ ಶಾಲೆಯೇ ಅವನನ್ನು ದೊಡ್ಡವನನ್ನಾಗಿ ಮಾಡಿತು ಎನ್ನಲು ಬರುವುದಿಲ್ಲ. ಹಾಗೆ ಹೇಳುವುದಾದರೆ ಉಳಿದವರನ್ನೂ ನಾವೇ ಒಪ್ಪಿಕೊಳ್ಳಬೇಕಾಗುತ್ತದೆ. ಧರ್ಮಸಭೆಯನ್ನು ಜೀವಮಾನವಿಡೀ ಕುಟುಕಿದ ಫ್ರಾನ್ಸಿನ ವೊಲ್ಟೇರ್ ಯೇಸುಸಭೆಯ ಗುರುಗಳ ಶಾಲೆಯಲ್ಲೇ ಓದಿದವನು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಹವಾನಾದಲ್ಲಿ ಅವರದೇ ಬೆಲೆನ್ ಶಾಲೆಯಿಂದ 1945ರಲ್ಲಿ ಹೊರಬಂದವನು. 1961ರಲ್ಲಿ ಅವನ ಸರಕಾರವೇ ಅಲ್ಲಿನ ಕಥೋಲಿಕ ಶಾಲೆಗಳನ್ನು ವಶಪಡಿಸಿಕೊಂಡಿತು. ಇಂಥವರ ಭಾವಚಿತ್ರವನ್ನು ಯಾವ ಸ್ಮರಣ ಸಂಚಿಕೆಯೂ ಅಚ್ಚು ಹಾಕದು!

ಹಾಗಾದರೆ ಶಾಲೆಗೂ ಹುಡುಗನಿಗೂ ಇರುವ ಸಂಬಂಧ ಯಾವುದು? ಕಲ್ಕತ್ತೆಯ ಒಂದು ಶಾಲೆಯ ಇಬ್ಬರು ಹುಡುಗರನ್ನು ನೋಡೋಣ.

ಬೆಲ್ಜಿಯಂನ ಯೇಸುಸಭೆಯ ಗುರುಗಳು 1860ರಲ್ಲಿ ಅಲ್ಲಿ ಸಂತ ಕ್ಸೇವಿಯರ್ ಶಾಲೆ, ಕಾಲೇಜನ್ನು ಆರಂಭಿಸಿದರು. ಐದು ವರ್ಷಗಳ ಬಳಿಕ ಯೂಜೀನ್ ಲಾಫೋಂ ಎಂಬ ಇಪ್ಪತ್ತೆಂಟರ ಯುವಕ ವಿಜ್ಞಾನ ಕಲಿಸಲು ಬಂದರು. ಅಂದಿನ ಭಾರತದಲ್ಲಿ ವಿಜ್ಞಾನವೆಂದರೆ ಪುಸ್ತಕದ ಸಾಲುಗಳನ್ನು ಬಾಯಿಪಾಠ ಮಾಡುವುದು. ಲಾಫೋಂ ಸ್ವಾಮಿಗಳು ಉಪಕರಣಗಳನ್ನು ತರಿಸಿ ಮಕ್ಕಳ ಕಣ್ಣೆದುರೇ ಪ್ರಯೋಗ ಮಾಡಿ ತೋರಿಸಿದರು. ಹವಾಮಾನದ ಅಳತೆಗಳನ್ನು ದಿನವೂ ಬರೆದಿಟ್ಟು, 1867ರಲ್ಲಿ ಚಂಡಮಾರುತ ಬರುವ ಮುನ್ಸೂಚನೆ ಕೊಟ್ಟರು. ಕಾಲೇಜಿನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿದರು. ಊರಿನ ಜನರಿಗೂ ಉಪನ್ಯಾಸ ಕೊಟ್ಟರು. ಸ್ವತಃ ದೊಡ್ಡ ಸಂಶೋಧನೆ ಮಾಡಿದವರಲ್ಲ. ಅವರ ಹೆಸರಿನ ನಿಯಮವಾಗಲಿ ಸೂತ್ರವಾಗಲಿ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಅವರು ಶಿಕ್ಷಕರು, ಅಷ್ಟೇ.

ಅವರ ತರಗತಿಯಲ್ಲಿ ಕುಳಿತವನು ಜಗದೀಶಚಂದ್ರ ಬೋಸ್. 1858ರಲ್ಲಿ ಪೂರ್ವ ಬಂಗಾಳದಲ್ಲಿ ಹುಟ್ಟಿದ ಈ ಹುಡುಗನ ತಂದೆ ಸರಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಊರಿನ ಬಂಗಾಳಿ ಶಾಲೆಗೇ ಕಳುಹಿಸಿದರು. ಅಲ್ಲಿ ಅವನ ಒಂದು ಪಕ್ಕದಲ್ಲಿ ಮನೆಯ ಮುಸಲ್ಮಾನ ಸೇವಕನ ಮಗ, ಇನ್ನೊಂದು ಪಕ್ಕದಲ್ಲಿ ಮೀನುಗಾರನ ಮಗ. ಆ ಗೆಳೆಯರು ಮನೆಗೆ ಬಂದರೆ ತಾಯಿ ಎಲ್ಲರಿಗೂ ಭೇದವಿಲ್ಲದೆ ಊಟ ಬಡಿಸುತ್ತಿದ್ದರು. (ಈ ತಾಯಿಯ ಹೆಸರೂ ಯಾವ ಶಾಲೆಯ ಪಟ್ಟಿಯಲ್ಲೂ ಇರುವುದಿಲ್ಲ.) ಹೀಗೆ ಬೆಳೆದವನು ಇಂಗ್ಲಿಷ್ ಮಾತಾಡುವ ಪಟ್ಟಣದ ಹುಡುಗರ ನಡುವೆ ಬಂದು ಕುಳಿತಾಗ, ಲಾಫೋಂ ಸ್ವಾಮಿಗಳ ಪ್ರಯೋಗಗಳು ಅವನನ್ನು ಭೌತಶಾಸ್ತ್ರದ ಕಡೆಗೆ ಸೆಳೆದವು.

ಮುಂದೆ ಅವರು ಇಂಗ್ಲೆಂಡಿನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಬಿಳಿಯರಿಗಿಂತ ಕಡಿಮೆ ಸಂಬಳ ಕೊಡುತ್ತೇವೆಂದಾಗ, ಕೆಲಸ ಬಿಡದೆ, ಸಂಬಳವನ್ನೂ ಮುಟ್ಟದೆ ಮೂರು ವರ್ಷ ಪಾಠ ಮಾಡಿದರು. ಕೊನೆಗೆ ಸರಕಾರವೇ ಮಣಿದು ಪೂರ್ತಿ ಸಂಬಳವನ್ನು ಹಿಂದಿನಿಂದ ಲೆಕ್ಕಹಾಕಿ ಕೊಟ್ಟಿತು. 1895ರಲ್ಲಿ ತಂತಿಯಿಲ್ಲದೆ ವಿದ್ಯುತ್ ಅಲೆಗಳನ್ನು ಗೋಡೆಯಾಚೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದರು. ಇದೆಲ್ಲ ಲಾಫೋಂ ಸ್ವಾಮಿಗಳ ಸಾಧನೆಯೆಂದರೆ ಅದು ಸುಳ್ಳಾಗುತ್ತದೆ. ಬೀಜ ಬಿತ್ತಿದವರಲ್ಲಿ ಅವರೂ ಒಬ್ಬರೆಂದರೆ ನಿಜ.

ನಮ್ಮ ನಾಡಿಗೂ ಇದರ ಒಂದು ಎಳೆ ಬಂದಿದೆ. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ಹಿಂದೂ ವೈದ್ಯರು ಭಾರತೀಯರೇ ವಿಜ್ಞಾನ ಬೆಳೆಸಲೆಂದು ಕಲ್ಕತ್ತೆಯಲ್ಲಿ ಒಂದು ಸಂಘ ಸ್ಥಾಪಿಸಿದಾಗ ಅವರ ಬೆನ್ನಿಗೆ ನಿಂತವರು ಲಾಫೋಂ. ಅವರು 1908ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಕಲ್ಕತ್ತೆಗೆ ಬಂದಿದ್ದ ಒಬ್ಬ ತರುಣ ಸರಕಾರಿ ನೌಕರ, ಕಚೇರಿ ಮುಗಿದ ಮೇಲೆ ಆ ಸಂಘದ ಪ್ರಯೋಗಶಾಲೆಗೆ ಹೋಗತೊಡಗಿದ್ದ. ಆತನೇ ಸಿ. ವಿ. ರಾಮನ್. 1928ರಲ್ಲಿ ಅಲ್ಲೇ ಮಾಡಿದ ಶೋಧನೆಗೆ 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ನಮ್ಮ ಬೆಂಗಳೂರಿನವರಾದರು. ರಾಮನ್ ಕ್ಸೇವಿಯರ್ ಶಾಲೆಯ ಹಳೆಯ ವಿದ್ಯಾರ್ಥಿಯಲ್ಲ. ಶಾಲೆಯ ಪಟ್ಟಿಯನ್ನು ಎಷ್ಟು ಉದ್ದ ಬರೆದರೂ ಈ ಫಲ ಅದರಲ್ಲಿ ಸೇರುವುದಿಲ್ಲ.

ಇನ್ನೊಬ್ಬ ಹುಡುಗನ ಕಥೆ ಬೇರೆ. 1870ರ ದಶಕದ ಮಧ್ಯದಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ ಅವನು ಇದೇ ಶಾಲೆಗೆ ಬಂದ. ಶಾಲೆಯೆಂದರೆ ಅವನಿಗೆ ಸೆರೆಮನೆ. ಬೇರೆ ಶಾಲೆಗಳನ್ನೂ ಬಿಟ್ಟುಬಂದಿದ್ದ. ಇಲ್ಲಿಯೂ ನಿಲ್ಲಲಿಲ್ಲ. ಅವನೇ ರವೀಂದ್ರನಾಥ ಟಾಗೋರ್.

1912ರಲ್ಲಿ ಪುಸ್ತಕವಾಗಿ ಬಂದ ತಮ್ಮ ಬಾಲ್ಯದ ನೆನಪುಗಳಲ್ಲಿ ಅವರು ಈ ಶಾಲೆಯನ್ನು ಹೊಗಳಿಲ್ಲ. ಅಲ್ಲಿನ ಹೆಚ್ಚಿನ ಶಿಕ್ಷಕರು ಪಾಠ ಹೇಳುವ ಯಂತ್ರಗಳಂತೆ ಇದ್ದರು, ಭಕ್ತಿಯ ಆಳ ಅವರಲ್ಲಿ ಕಾಣಲಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಗುರುವಾದ ನನಗೆ ಈ ಮಾತು ಚುಚ್ಚುತ್ತದೆ, ಚುಚ್ಚಬೇಕಾದ್ದೇ. ಆದರೆ ಒಬ್ಬರನ್ನು ಅವರು ಮರೆಯಲಿಲ್ಲ. ಫಾ. ದೆ ಪೆನ್ಯರಾಂದ ಅವರು ಬೇರೆ ಶಿಕ್ಷಕರ ಬದಲಿಗೆ ಕೆಲಕಾಲ ಬಂದವರು. ನೋಡಲು ಸುಂದರರಲ್ಲ, ಇಂಗ್ಲಿಷ್ ಮಾತು ಸಲೀಸಾಗಿ ಬರುತ್ತಿರಲಿಲ್ಲ. ಆದ್ದರಿಂದ ಹುಡುಗರು ಅವರನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅದನ್ನು ಅವರು ದಿನವೂ ತಾಳ್ಮೆಯಿಂದ ಸಹಿಸಿದರು. ಒಂದು ದಿನ ನಕಲು ಬರವಣಿಗೆಯ ಹೊತ್ತಿನಲ್ಲಿ ಬೆಂಚುಗಳ ಹಿಂದೆ ಅತ್ತಿತ್ತ ನಡೆಯುತ್ತಿದ್ದ ಸ್ವಾಮಿಗಳು, ಈ ಹುಡುಗನ ಲೇಖನಿ ಚಲಿಸದೆ ಇರುವುದನ್ನು ಕಂಡರು. ಹಿಂದೆ ಬಂದು ನಿಂತು, ಬಾಗಿ, ಹೆಗಲ ಮೇಲೆ ಮೆಲ್ಲನೆ ಕೈಯಿಟ್ಟು, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಇಷ್ಟೇ. ಐವತ್ತರ ಹರೆಯದಲ್ಲಿಯೂ ಕವಿಗೆ ಅದು ಮರೆತಿರಲಿಲ್ಲ.

ಬರೆಯದ ಹುಡುಗನಿಗೆ ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಬೆತ್ತ ಇಲ್ಲವೇ ಬೈಗುಳ. ತೊಂಬತ್ತೊಂಬತ್ತು ಕುರಿಗಳ ಲೇಖನಿ ಓಡುತ್ತಿರುವಾಗ ನಿಂತುಹೋದ ಒಂದನ್ನು ಕಂಡುಕೊಳ್ಳುವ ಕಣ್ಣು ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದ ಕುರುಬನದು. ಧರ್ಮೋಪದೇಶದ ತರಗತಿಯಲ್ಲಿ ನಾವು ಆ ಸಾಮತಿಯನ್ನು ಕಲಿಸುತ್ತೇವೆ. ಪೆನ್ಯರಾಂದ ಸ್ವಾಮಿಗಳು ಅದನ್ನು ಕಾಪಿ ಪುಸ್ತಕದ ತರಗತಿಯಲ್ಲಿ ಮಾಡಿದರು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಕಥೋಲಿಕ ಶಾಲೆಯ ಗುರುತು ಇದೇ: ಶುಭಸಂದೇಶದ ಸ್ವಾತಂತ್ರ್ಯ ಮತ್ತು ಪ್ರೀತಿಯಿಂದ ತುಂಬಿದ ವಾತಾವರಣ. ಬಡವರು, ಮನೆಯ ಆಸರೆ ಇಲ್ಲದವರು, ವಿಶ್ವಾಸ ಅರಿಯದವರು ಈ ಶಾಲೆಗಳ ವಿಶೇಷ ಕಾಳಜಿಗೆ ಪಾತ್ರರೆಂದೂ ಅದು ಹೇಳುತ್ತದೆ. ಫಲಿತಾಂಶದ ಶೇಕಡಾವಾರು ಅಲ್ಲಿಲ್ಲ.

1973ರ ಜುಲೈ 31ರಂದು, ಸಂತ ಇಗ್ನಾಸಿಯವರ ಹಬ್ಬದ ದಿನ, ಯೇಸುಸಭೆಯ ಮಹಾಧಿಕಾರಿ ಫಾ. ಪೆದ್ರೊ ಅರುಪೆ ಸ್ಪೇನಿನ ವಲೆನ್ಸಿಯಾದಲ್ಲಿ ಯುರೋಪಿನ ಹಳೆಯ ವಿದ್ಯಾರ್ಥಿಗಳ ಮುಂದೆ ನಿಂತರು. ಸಭೆಯಲ್ಲಿದ್ದ ಗಣ್ಯರು ಹೊಗಳಿಕೆಯನ್ನು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಅರುಪೆಯವರು ಕೇಳಿದ್ದು, ನಾವು ನಿಮಗೆ ನ್ಯಾಯಕ್ಕಾಗಿ ಬಾಳುವ ಶಿಕ್ಷಣ ಕೊಟ್ಟೆವೇ ಎಂದು. ಇಲ್ಲವೆಂದು ಉತ್ತರವನ್ನೂ ತಾವೇ ಕೊಟ್ಟರು. ಇತರರಿಗಾಗಿ ಬದುಕುವವರನ್ನು ರೂಪಿಸುವುದೇ ಇನ್ನು ಮುಂದೆ ಶಾಲೆಗಳ ಗುರಿಯೆಂದರು. ಕೆಲವರಿಗೆ ಸಿಟ್ಟೂ ಬಂತು.

ಸೀಟು ಕೇಳಲು ಬರುವ ತಂದೆತಾಯಿಯರಿಗೆ ಈಗ ನಾನು ಹೇಳುವುದು ಇಷ್ಟು: ಶಾಲೆಗೆ ಹೋದಾಗ ಗೋಡೆಯ ಮೇಲಿನ ಫೋಟೋಗಳನ್ನು ನೋಡಿ, ಬೇಡವೆನ್ನುವುದಿಲ್ಲ. ಜೊತೆಗೆ ಆ ತರಗತಿಯಲ್ಲಿ ಕೊನೆಯ ಸ್ಥಾನದಲ್ಲಿರುವ ಹುಡುಗನ ಹೆಸರು ಶಿಕ್ಷಕರಿಗೆ ಗೊತ್ತಿದೆಯೇ ಎಂದು ವಿಚಾರಿಸಿ. ಸ್ಮರಣ ಸಂಚಿಕೆ ತರುವ ಸಮಿತಿಯವರಿಗೂ ಒಂದು ಬಿನ್ನಹ: ಕಾರ್ಪೆಂಟರ್, ಕಂಡಕ್ಟರ್, ಪ್ರತಿ ಭಾನುವಾರ ಪೀಠದ ಸೇವೆಗೆ ಮಕ್ಕಳನ್ನು ಸಿದ್ಧಪಡಿಸುವ ಅಣ್ಣ, ಇವರೂ ನಿಮ್ಮ ಹಳೆಯ ವಿದ್ಯಾರ್ಥಿಗಳೇ. ಒಂದು ಜಾಹೀರಾತು ಕಡಿಮೆಯಾದರೆ ಅವರಿಗೂ ಜಾಗ ಸಿಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ, ಅಜ್ಜ ಅಜ್ಜಿಯಿಂದ ಹಿಡಿದು ಕಿರಿಯ ಮಗುವಿನವರೆಗೆ ಪ್ರತಿಯೊಬ್ಬರೂ ತಮ್ಮ ಹೆಗಲ ಮೇಲೆ ಹಾಗೆ ಕೈಯಿಟ್ಟ ಒಬ್ಬ ಶಿಕ್ಷಕರ ಹೆಸರನ್ನು ಹೇಳಲಿ. ಅವರು ತೀರಿಕೊಂಡಿದ್ದರೆ ಅವರ ಆತ್ಮಕ್ಕಾಗಿ ಒಂದು ಜಪ ಹೇಳಿ. ಬದುಕಿದ್ದರೆ ನಾಳೆಯೇ ಫೋನ್ ಮಾಡಿ.