ಓದಿ ಅರ್ಥೈಸಿಕೊಳ್ಳುವ ಅಭ್ಯಾಸ ಪಾಠ: ನಿರುದ್ಯೋಗಿಗೆ ಹಣವೋ, ಕೆಲಸವೋ?

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಸ್ವಯಂ ಅಭ್ಯಾಸಕ್ಕಾಗಿ)

ಪಾಠದ ಉದ್ದೇಶ

ಪಂಚಾಯತಿಗೆ ಬರುವ ಸುತ್ತೋಲೆ, ಆದೇಶ ಹಾಗೂ ಕಾಯ್ದೆಯ ಪಠ್ಯವನ್ನು ಓದುವುದು ಒಂದು ಕೆಲಸ; ಅದರಲ್ಲಿ ಏನು ಹೇಳಿದೆ, ಏನು ಹೇಳಿಲ್ಲ ಎಂದು ಬೇರ್ಪಡಿಸುವುದು ಇನ್ನೊಂದು. ‘ಕೊಡತಕ್ಕದ್ದು’ ಎಂಬುದನ್ನು ‘ಕೊಡಬಹುದು’ ಎಂದು ಓದಿಕೊಂಡರೆ ಬಡ ಕುಟುಂಬವೊಂದರ ಹಕ್ಕು ಕೈತಪ್ಪುತ್ತದೆ. ಕೆಳಗಿನ ಗದ್ಯಭಾಗವನ್ನು ಎರಡು ಬಾರಿ ಓದಿ, ಉತ್ತರಗಳನ್ನು ಮೊದಲು ಸ್ವತಃ ಬರೆದು, ಅನಂತರ ಮಾದರಿ ಉತ್ತರಗಳೊಡನೆ ಹೋಲಿಸಿ ನೋಡುವುದು.

ಗದ್ಯಭಾಗ

1. ಕೆಲಸವಿಲ್ಲದವರಿಗೆ ಸರ್ಕಾರವು ಹಣ ನೀಡಬೇಕೇ, ಕೆಲಸ ನೀಡಬೇಕೇ ಎಂಬ ಚರ್ಚೆ ಹಳೆಯದು. ಕೃಷ್ಣೆಯ ಮೇಲ್ದಂಡೆಯ ಸಾಂಗಲಿ ಜಿಲ್ಲೆಯಲ್ಲಿ 1965ರಲ್ಲಿ ವಿ.ಎಸ್. ಪಾಗೆಯವರು ಆರಂಭಿಸಿದ ಪ್ರಯೋಗವು ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆಯಾಗಿ ಬೆಳೆದು, 1977ರಲ್ಲಿ ಕಾಯ್ದೆಯ ರೂಪ ಪಡೆಯಿತು. 2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಅಂಗೀಕರಿಸಿತು. ಅದು 2006ರ ಫೆಬ್ರವರಿ 2ರಂದು 200 ಜಿಲ್ಲೆಗಳಲ್ಲಿ ಜಾರಿಗೆ ಬಂದು, 2008ರಲ್ಲಿ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಿಸಿತು.

2. ಕೌಶಲರಹಿತ ದೈಹಿಕ ಕೆಲಸ ಮಾಡಲು ಒಪ್ಪುವ ವಯಸ್ಕರಿರುವ ಪ್ರತಿ ಗ್ರಾಮೀಣ ಕುಟುಂಬಕ್ಕೆ ಆರ್ಥಿಕ ವರ್ಷವೊಂದರಲ್ಲಿ ಕನಿಷ್ಠ 100 ದಿನಗಳ ಉದ್ಯೋಗ ನೀಡತಕ್ಕದ್ದು ಎಂದು ಈ ಕಾಯ್ದೆ ವಿಧಿಸಿತು. ಅರ್ಜಿ ಸ್ವೀಕರಿಸಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ಅರ್ಜಿದಾರರಿಗೆ ನಿರುದ್ಯೋಗ ಭತ್ಯೆ ಸಲ್ಲುತ್ತದೆ: ಮೊದಲ 30 ದಿನಗಳಿಗೆ ಕೂಲಿ ದರದ ಕನಿಷ್ಠ ನಾಲ್ಕನೇ ಒಂದು ಭಾಗ, ಅನಂತರ ಕನಿಷ್ಠ ಅರ್ಧ. ಈ ಭತ್ಯೆಯ ವೆಚ್ಚ ರಾಜ್ಯ ಸರ್ಕಾರದ್ದು. ಒದಗಿಸಿದ ಕೆಲಸವನ್ನು ಒಪ್ಪದವರು ಮೂರು ತಿಂಗಳು ಭತ್ಯೆ ಕೇಳುವಂತಿಲ್ಲ. ಆದರೆ ಕೆಲಸವನ್ನು ಯಾವಾಗ ಬೇಕಾದರೂ ಕೇಳಬಹುದು.

3. ಖಾತರಿ ಕೆಲಸದಿಂದ ಕಬ್ಬು ಕಟಾವಿನ ಕಾಲದಲ್ಲಿ ಆಳುಗಳ ಕೊರತೆಯಾಗುತ್ತದೆ ಎಂಬುದು ಕೆಲವು ರೈತರ ವಾದ. ಕಟಾವು ಮುಗಿದ ಮೇಲೆ ಬೇಸಿಗೆಯಲ್ಲಿ ವಲಸೆ ತಪ್ಪಿಸುವುದು ಇದೇ ಕೆಲಸ ಎಂಬುದು ಕೂಲಿಕಾರರ ಪರವಾದ ಉತ್ತರ. ವಿದ್ಯಾವಂತ ನಿರುದ್ಯೋಗಿಗೆ ಮಣ್ಣು ಹೊರುವ ಕೆಲಸ ಪರಿಹಾರವಲ್ಲ ಎಂಬ ಮೂರನೆಯ ವಾದವೂ ಇದೆ. ಕರ್ನಾಟಕ ಸರ್ಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆಯು ಉದ್ಯೋಗ ದೊರೆಯದ ಅರ್ಹ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಗಳನ್ನು ಗರಿಷ್ಠ ಎರಡು ವರ್ಷ ನೀಡುತ್ತದೆ.

ಪ್ರಶ್ನೆಗಳು

1. ನಿರುದ್ಯೋಗ ಭತ್ಯೆಯ ಹೊಣೆ ಯಾರದು?
2. ಕೂಲಿ ದರ 349 ರೂ. (2024-25) ಇದ್ದಾಗ 40 ದಿನಗಳಿಗೆ ಸಲ್ಲುವ ಕನಿಷ್ಠ ಭತ್ಯೆ ಎಷ್ಟು?
3. ‘ಖಾತರಿ ಕೆಲಸದಿಂದ ಕಬ್ಬು ಕಟಾವಿಗೆ ಆಳು ಸಿಗುವುದಿಲ್ಲ’ ಎಂಬುದು ಸಂಗತಿಯೋ, ಅಭಿಪ್ರಾಯವೋ?
4. ಒಮ್ಮೆ ಕೆಲಸ ಒಪ್ಪದ ಮಹಿಳೆ ಮುಂದಿನ ತಿಂಗಳು ಮತ್ತೆ ಅರ್ಜಿ ತಂದರೆ ಸ್ವೀಕರಿಸಬೇಕೇ?
5. ಹಳ್ಳಿಯಲ್ಲಿ ವಾಸಿಸುವ ನೇಕಾರರು ಈ ಕಾಯ್ದೆಯಡಿ ಕೆಲಸ ಕೇಳಬಹುದೇ? ರಬಕವಿ-ಬನಹಟ್ಟಿ ನಗರಸಭೆಯ ವ್ಯಾಪ್ತಿಯಲ್ಲಿ ವಾಸಿಸುವ ನೇಕಾರರು?
6. ಗದ್ಯಭಾಗವು ಯಾವ ವಾದವನ್ನು ಸರಿಯೆಂದು ತೀರ್ಮಾನಿಸಿದೆ?

ಮಾದರಿ ಉತ್ತರಗಳು ಮತ್ತು ವಿವರಣೆ

1. ರಾಜ್ಯ ಸರ್ಕಾರದ್ದು. ಉತ್ತರವು ಎರಡನೆಯ ಭಾಗದಲ್ಲಿ ನೇರವಾಗಿದೆ. ‘ಭತ್ಯೆ ಕೊಟ್ಟರೆ ಪಂಚಾಯತಿಯ ನಿಧಿ ಖಾಲಿಯಾಗುತ್ತದೆ’ ಎಂಬ ಅಂಜಿಕೆಗೆ ಪಠ್ಯದಲ್ಲಿ ಆಧಾರವಿಲ್ಲ.

2. 349ರ ನಾಲ್ಕನೇ ಒಂದು ಭಾಗ 87.25 ರೂ.; 30 ದಿನಗಳಿಗೆ 2,617.50 ರೂ. ಅರ್ಧ 174.50 ರೂ.; ಉಳಿದ 10 ದಿನಗಳಿಗೆ 1,745 ರೂ. ಒಟ್ಟು 4,362.50 ರೂ. ಅದೇ ಆರ್ಥಿಕ ವರ್ಷದಲ್ಲಿ ಮೊದಲ ಬಾರಿಗೆ ಭತ್ಯೆ ಪಡೆಯುವ, 100 ದಿನಗಳ ಮಿತಿ ಮುಗಿಯದ ಕುಟುಂಬಕ್ಕೆ ಈ ಲೆಕ್ಕ ಅನ್ವಯಿಸುತ್ತದೆ. 40 ದಿನಗಳನ್ನೂ ಒಂದೇ ದರದಲ್ಲಿ ಗುಣಿಸುವುದು ಸಾಮಾನ್ಯ ತಪ್ಪು.

3. ಅಭಿಪ್ರಾಯ. ‘ಎಂಬುದು ಕೆಲವು ರೈತರ ವಾದ’ ಎಂಬ ಮಾತೇ ಸುಳಿವು. ಕಾಯ್ದೆ 2005ರದು ಎಂಬುದು ಸಂಗತಿ. ಅಭಿಪ್ರಾಯವೆಂದ ಮಾತ್ರಕ್ಕೆ ಅದು ಸುಳ್ಳಾಗದು. ಅದನ್ನು ಒಪ್ಪಲು ಪಠ್ಯದ ಹೊರಗಿನ ಆಧಾರ ಬೇಕು ಎಂದಷ್ಟೇ ಅರ್ಥ.

4. ಸ್ವೀಕರಿಸಬೇಕು. ಈ ವಾಕ್ಯದಲ್ಲಿ ಎರಡು ಹಕ್ಕುಗಳಿವೆ. ಭತ್ಯೆಯ ಹಕ್ಕಿಗೆ ಮೂರು ತಿಂಗಳ ತಡೆ ಇದೆ, ಕೆಲಸದ ಹಕ್ಕಿಗೆ ಇಲ್ಲ. ‘ಆದರೆ’ ಎಂಬ ಪದದ ಮುಂದಿನ ಭಾಗವನ್ನು ಓದದೆ ಬಿಟ್ಟವರು ಇಲ್ಲಿ ತಪ್ಪು ಉತ್ತರ ಬರೆಯುತ್ತಾರೆ. ಪಂಚಾಯತಿಯ ಬಾಗಿಲಲ್ಲಿ ಅದೇ ತಪ್ಪು ನಡೆದರೆ ಆ ಮಹಿಳೆ ಬರಿಗೈಯಲ್ಲಿ ಮರಳುತ್ತಾಳೆ.

5. ಹಳ್ಳಿಯವರು ಕೇಳಬಹುದು, ನಗರದವರು ಈ ಕಾಯ್ದೆಯಡಿ ಕೇಳಲಾಗದು. ‘ಗ್ರಾಮೀಣ ಕುಟುಂಬ’ ಮತ್ತು ‘ದೈಹಿಕ ಕೆಲಸ ಮಾಡಲು ಒಪ್ಪುವ ವಯಸ್ಕರು’ ಎಂಬ ಎರಡು ನಿಬಂಧನೆಗಳಷ್ಟೇ ಪಠ್ಯದಲ್ಲಿವೆ. ಕುಲಕಸುಬಾಗಲಿ, ಮನೆಯಲ್ಲಿರುವ ಮಗ್ಗವಾಗಲಿ, ಶಿಕ್ಷಣವಾಗಲಿ ಅಡ್ಡಿಯೆಂದು ಎಲ್ಲಿಯೂ ಹೇಳಿಲ್ಲ. ಹೇಳದ ನಿಬಂಧನೆಯನ್ನು ಓದುಗರು ಸೇರಿಸತಕ್ಕದ್ದಲ್ಲ.

6. ಯಾವುದನ್ನೂ ಅಲ್ಲ. ಮೂರು ವಾದಗಳನ್ನೂ ಮುಂದಿಟ್ಟಿದೆಯಷ್ಟೆ. ಓದುಗರ ಸ್ವಂತ ನಿಲುವನ್ನು ಲೇಖಕರ ನಿಲುವೆಂದು ಬರೆದರೆ ಅಂಕ ದೊರೆಯದು.

ಗಮನಿಸಬೇಕಾದ ಅಂಶ

15 ದಿನಗಳ ಎಣಿಕೆಗೆ ಆಧಾರ ಅರ್ಜಿ ಸ್ವೀಕರಿಸಿದ ದಿನಾಂಕ. ದಿನಾಂಕ ನಮೂದಿಸಿದ ಸ್ವೀಕೃತಿ ಇಲ್ಲದಿದ್ದರೆ ಎರಡನೆಯ ಪ್ರಶ್ನೆಯ 4,362.50 ರೂ. ಕಾಗದದ ಲೆಕ್ಕವಾಗಿಯೇ ಉಳಿಯುತ್ತದೆ. ಆದ್ದರಿಂದ ಕೆಲಸದ ಬೇಡಿಕೆ ಸಲ್ಲಿಸಿದ ಪ್ರತಿಯೊಬ್ಬರಿಗೂ ದಿನಾಂಕಸಹಿತ ಸ್ವೀಕೃತಿ ದೊರೆತಿದೆಯೇ ಎಂಬುದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ವಿಚಾರಿಸುವುದು.

ಮುಂದಿನ ಅಭ್ಯಾಸ

(ಅ) ‘ನೀಡತಕ್ಕದ್ದು’, ‘ಕೇಳುವಂತಿಲ್ಲ’, ‘ಕೇಳಬಹುದು’ ಎಂಬ ಪದಗಳಿರುವ ವಾಕ್ಯಗಳನ್ನು ಗದ್ಯಭಾಗದಿಂದ ಆರಿಸಿ, ಪ್ರತಿಯೊಂದೂ ಯಾರ ಮೇಲೆ ಹೊಣೆ ಹೊರಿಸುತ್ತದೆ ಅಥವಾ ಯಾರಿಗೆ ಹಕ್ಕು ನೀಡುತ್ತದೆ ಎಂದು ಬರೆಯಿರಿ.

(ಆ) ಯುವನಿಧಿಯ ನೆರವಿಗೂ ಉದ್ಯೋಗ ಖಾತರಿಯ ನಿರುದ್ಯೋಗ ಭತ್ಯೆಗೂ ಇರುವ ಎರಡು ವ್ಯತ್ಯಾಸಗಳನ್ನು ಪಠ್ಯದ ಆಧಾರದಿಂದಲೇ ತಿಳಿಸಿರಿ.