ಕಾಡುಕುರಿಯ ಕೂಗು

ಸಂಜೆ ಕಾಡಂಚಿನಲ್ಲಿ ನಾಯಿ ಬೊಗಳಿದಂತೆ ಕೇಳಿದರೆ ದೆವ್ವವೆಂದು ಹೆದರಬೇಡಿ. ಅದು ಕಾಡುಕುರಿ ಇರಬಹುದು. ಹೆಸರಿಗೆ ಕುರಿ, ಜಾತಿಯಲ್ಲಿ ಜಿಂಕೆ. ಎತ್ತರ ಸುಮಾರು 2 ಅಡಿ, ಮೈ ಕೆಂಗಂದು. ಗಂಡಿಗೆ ಗಿಡ್ಡ ಕೊಂಬು, ಮೇಲ್ದವಡೆಯಲ್ಲಿ ಕೋರೆಹಲ್ಲು. ಮಲೆನಾಡಿನಲ್ಲಿ ನೀರಿರುವ ಕಡೆ, ದಟ್ಟ ಪೊದೆಗಳಲ್ಲಿ ಹೆಚ್ಚಾಗಿ ಒಂಟಿಯಾಗಿಯೇ ಇರುತ್ತದೆ. ಚಿಗುರು, ಉದುರಿದ ಹಣ್ಣು ಇದರ ಆಹಾರ.

ಹುಲಿ, ಚಿರತೆ ಸುಳಿದರೆ ಇದು ಬಿಡದೆ ಬೊಗಳುತ್ತದೆ. ಮನುಷ್ಯನನ್ನು ಕಂಡು ಬೊಗಳುವುದೂ ಉಂಟು. ಆದರೂ ಕೂಗು ನಿಲ್ಲದಿದ್ದರೆ ದನಗಳನ್ನು ಆ ಕಡೆ ಬಿಡದಿರುವುದೇ ಲೇಸು. ಪೊದೆಯಲ್ಲಿ ಮರಿ ಒಂಟಿಯಾಗಿ ಮಲಗಿದ್ದರೆ ತಬ್ಬಲಿಯೆಂದು ಮನೆಗೆ ತರಬೇಡಿ. ತಾಯಿ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ಮರಳಿ ಬಂದು ಹಾಲೂಡಿಸುತ್ತದೆ. ಉರುಳೊಡ್ಡಿ ಇದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬೇಲಿಯಲ್ಲಿ ಉರುಳು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿರಿ.